ಶೀಶಾಪುರಕ್ಕೆ ಅಕಾರವಿಲ್ಲ

ಸೂಜಿಗೆ ದಾರ ಪೋಣಿಸುವವರ ಕೈಯನ್ನು ಲೋಕವೆಲ್ಲ ನೋಡುತ್ತದೆ. ನಾನು ಅವರ ಬಾಯಿಯನ್ನು ನೋಡುತ್ತೇನೆ. ನೀವೂ ಒಮ್ಮೆ ನೋಡಿ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಬೆಳಕಿನ ಕಡೆಗೆ ತಿರುಗಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಸೂಜಿಯ ಕಣ್ಣಿಗೆ ಗುರಿಯಿಟ್ಟ ಆ ಕ್ಷಣದಲ್ಲಿ ಎಂಥ ಗಂಭೀರ ವ್ಯಕ್ತಿಯ ತುಟಿಗಳೂ ತಮಗೆ ತಾವೇ ಮುಂದೆ ಬಂದು, ಗುಂಡಗಾಗಿ, ‘ಊ’ ಎಂಬ ಸ್ವರಕ್ಕೆ ಸಿದ್ಧವಾಗಿ ನಿಲ್ಲುತ್ತವೆ. ವಿದ್ಯಾರ್ಥಿಗಳ ಎದುರು ಒಮ್ಮೆಯೂ ಹಲ್ಲು ತೋರಿಸದ ನಮ್ಮ ಹೆಡ್‌ಮಾಸ್ತರರು ಬಿಡುವಿನ ವೇಳೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಅಂಗಿಗೆ ಗುಂಡಿ ಹಚ್ಚಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಆಗ ಅವರ ಮುಖದ ಮೇಲೆ ಕೊಳಲೂದುವ ಗೋಪಾಲನ ಕಳೆ ಇತ್ತು. ದೊಡ್ಡ ಡಬ್ಬಿಯಿಂದ ಸಣ್ಣ ಕೊರಳಿನ ಬಾಟಲಿಗೆ ಎಣ್ಣೆ ಬಗ್ಗಿಸುವವರ ಬಾಯಿಯೂ ಹೀಗೆಯೇ ಆಗುತ್ತದೆ. ಕೆಲಸ ಕೈಯದು, ಕಣ್ಣು ಅದರ ಕಾವಲಿಗೆ, ಸರಿ; ನಡುವೆ ಈ ಬಾಯಿ ಯಾರೂ ಕರೆಯದೆ ಏಕೆ ಬಂತು?

ಈ ಪ್ರಶ್ನೆಯನ್ನು ಇತರರು ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡರೆ ಬಟ್ಟೆ ಹೊಲಿದು ಮುಗಿಯುವುದಿಲ್ಲ. ನನಗೆ ಇದು ಚಟವಾಗಿ ಹತ್ತಿದ್ದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ವಿಜಾಪುರದ ಟ್ರೇನಿಂಗ್ ಕಾಲೇಜಿನ ಗೋಡೆಯ ಮೇಲಿದ್ದ ಒಂದು ಚಿತ್ರ. ಹಲಸಿನ ಹಣ್ಣು ಸೀಳಿದಂತೆ ಒಬ್ಬ ಮನುಷ್ಯನ ತಲೆಯನ್ನು ನಟ್ಟನಡುವೆ ಸೀಳಿ, ಅವನ ನಾಲಿಗೆ, ಅಂಗುಳ, ಕಿರುನಾಲಿಗೆ, ಗಂಟಲುಗಳಿಗೆಲ್ಲ ಗೆರೆ ಎಳೆದು, ಕಂಠ್ಯ ಎಲ್ಲಿ ಹುಟ್ಟುತ್ತದೆ, ಓಷ್ಠ್ಯ ಎಲ್ಲಿ ಹುಟ್ಟುತ್ತದೆ ಎಂದು ಬರೆದಿದ್ದರು. ಉಳಿದ ವಿದ್ಯಾರ್ಥಿನಿಯರು ಅದನ್ನು ನೋಡಿ ಊಟ ಬಿಟ್ಟರು; ನಾನು ಅದನ್ನು ನೋಡಿ ಊಟದಲ್ಲಿಯೂ ಎದುರಿನವರ ಬಾಯಿ ನೋಡತೊಡಗಿದೆ. ಎರಡನೆಯ ಕಾರಣ ನಮ್ಮ ಬಾಲಗಾಂವದ ಬಳೆಗಾರ ಹುಸೇನಸಾಬ. ಈ ಪ್ರಬಂಧ ಅವನ ಕುರಿತದ್ದು, ಅಥವಾ ಅವನು ಕಟ್ಟಿದ ಭಾಷೆಯ ಕುರಿತದ್ದು. ಎರಡೂ ಒಂದೇ ಎಂಬುದು ನನಗೆ ತಡವಾಗಿ ತಿಳಿಯಿತು.

ಹೊಸ ಭಾಷೆಯೊಂದನ್ನು ಕಟ್ಟುವಷ್ಟು ಭಾಷೆಯ ಬರ ನಮ್ಮ ಕಡೆ ಇರಲಿಲ್ಲ. ಗಡಿನಾಡಿನ ಜತ್ತ ತಾಲೂಕಿನಲ್ಲಿ ಹುಟ್ಟಿದವರು ದೇವರನ್ನು ಕನ್ನಡದಲ್ಲಿ ಬೇಡಿಕೊಳ್ಳುತ್ತಾರೆ, ಊರ ಲೆಕ್ಕ ಬರೆಯುವ ತಲಾಠಿಯನ್ನು ಮರಾಠಿಯಲ್ಲಿ ಬೇಡಿಕೊಳ್ಳುತ್ತಾರೆ, ಎರಡೂ ಕಡೆ ಕೆಲಸವಾಗದಿದ್ದರೆ ಉರ್ದುವಿನಲ್ಲಿ ನಸೀಬನ್ನು ಬೈಯುತ್ತಾರೆ. ಹುಸೇನಸಾಬನ ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ನಮ್ಮೆಲ್ಲರಂಥದೇ ಕನ್ನಡ. ಇಷ್ಟೆಲ್ಲ ಇದ್ದೂ ಅವನಿಗೆ ಸಾಲದೆ, ಹೆಗಲ ಮೇಲೆ ಬಳೆಯ ಮಲಾರವನ್ನು ಹೊತ್ತುಕೊಂಡು ಓಣಿ ಹೊಕ್ಕಾಗ ಅವನ ಬಾಯಲ್ಲಿ ನಾಲ್ಕನೆಯ ಭಾಷೆಯೊಂದು ಬರುತ್ತಿತ್ತು. ಅದು ಶೀಶಾಪುರದ ಭಾಷೆ. ನಾನು ಮೊದಲ ಸಲ ಅದನ್ನು ಕೇಳಿದ್ದು ನಮ್ಮ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಸುಮಾರಿನಲ್ಲಿ. ದೊಡ್ಡವರೆಲ್ಲ ಚಾವಡಿಯಲ್ಲಿ ರಾಜರ ರಾಜ್ಯ ಹೋದದ್ದನ್ನು ಮಾತಾಡುತ್ತಿದ್ದಾಗ ನಾವು ಹುಡುಗಿಯರು ಕಟ್ಟೆಯ ಮೇಲೆ ಕುಳಿತು ಯಾವ ಸರಕಾರವೂ ವಿಲೀನ ಮಾಡಿಕೊಳ್ಳಲಾಗದ ಒಂದು ರಾಜ್ಯದ ಸುದ್ದಿ ಕೇಳುತ್ತಿದ್ದೆವು.

ಶೀಶಾಪುರ ವಿಜಾಪುರದ ಆಚೆ ಎಲ್ಲಿಯೋ ಇದೆಯೆಂದು ಅವನು ಹೇಳುತ್ತಿದ್ದ. ಅಲ್ಲಿ ಗೋಡೆ ಗಾಜಿನದು, ಗಿಡ ಗಾಜಿನದು, ಎಮ್ಮೆಯ ಕೋಡು ಗಾಜಿನದು. ಒಬ್ಬರು ಜೋರಾಗಿ ಕೂಗಿದರೆ ಇಡೀ ಊರು ಬಿರುಕು ಬಿಡುತ್ತದೆ. ಆದ್ದರಿಂದ ಆ ಊರಿನ ಹಿರಿಯರು ಬಾಯಿ ಅಗಲ ತೆರೆಯಬೇಕಾದ ಮಾತುಗಳನ್ನೆಲ್ಲ ಊರ ಹೊರಗೆ ಹಾಕಿದರು. ಉಳಿದವು ತುಟಿ ಗುಂಡಗೆ ಮಾಡಿ ಮೆಲ್ಲಗೆ ಆಡುವ ಮಾತುಗಳು ಮಾತ್ರ. ಬಳೆಗೆ ‘ಲೂಮು’ ಎನ್ನುತ್ತಾರೆ, ಕೈಗೆ ‘ತೂವು’, ಒಳಗೆ ಬಾ ಎನ್ನುವುದಕ್ಕೆ ‘ಯೋನು’. ಅಷ್ಟೇ ಅಲ್ಲ, ತಮ್ಮ ಊರಿನ ಹೆಸರನ್ನು ಸಹ ಅವರು ಶೀಶಾಪುರ ಎಂದು ಹೇಳಲಾರರು, ಅದರಲ್ಲಿ ‘ಆ’ ಇದೆಯಲ್ಲ; ‘ಶೂಶೂಪು’ ಅಂತಾರವ್ವಾ ಎಂದು ಅವನು ಕೈ ಬಾಯಿಗೆ ಅಡ್ಡ ಹಿಡಿದು ಗುಟ್ಟಿನಲ್ಲಿ ಹೇಳುತ್ತಿದ್ದ. ನಾವು ಹುಡುಗಿಯರೆಲ್ಲ ಶೂಶೂಪು ಶೂಶೂಪು ಎನ್ನುತ್ತ ಬಿದ್ದು ಬಿದ್ದು ನಗುತ್ತಿದ್ದೆವು.

ನಗುತ್ತಿರುವಾಗಲೇ ಅವನು ಕೈ ಹಿಡಿಯುತ್ತಿದ್ದ. ಗಾಜಿನ ಬಳೆ ಇಡಿಸಿಕೊಂಡವರಿಗೆ ಗೊತ್ತು, ಸಡಿಲ ಬಳೆ ಬಳೆಯಲ್ಲ. ಮಣಿಕಟ್ಟಿಗೆ ಒಪ್ಪುವ ಬಳೆ ಹೆಬ್ಬೆರಳ ಗೆಣ್ಣಿನ ಮೇಲೆ ಹಾಯುವಾಗ ಜೀವ ಬಾಯಿಗೆ ಬರುತ್ತದೆ. ನೋವಿಗೆ ಮುಷ್ಟಿ ಬಿಗಿದರೆ ಮುಗಿಯಿತು, ಬಳೆ ‘ಹೆಚ್ಚುತ್ತದೆ’. ಒಡೆಯಿತು ಎನ್ನಬಾರದು, ಅದು ಅಶುಭ, ಹೆಚ್ಚಿತು ಎನ್ನಬೇಕು. ಬಳೆ ಇಡಿಸಿಕೊಳ್ಳುವಾಗ ಅಯ್ಯೋ ಎನ್ನುವುದೂ ಅಶುಭವೇ. ಹುಸೇನಸಾಬ ಬಲಗೈಯಲ್ಲಿ ಬಳೆ ಹಿಡಿದು, ಎಡಗೈಯಲ್ಲಿ ನಮ್ಮ ಬೆರಳುಗಳನ್ನು ಹಿಟ್ಟು ನಾದಿದಂತೆ ಮೆತ್ತಗೆ ಮಾಡಿ, “ಹೂಂ, ನನ್ನ ಕೂಡ ಅನ್ನವ್ವಾ, ಲೂಮು...” ಎಂದು ಶುರುಮಾಡುತ್ತಿದ್ದ. ‘ಲೂಮು’ ಎನ್ನುವಾಗ ಬಳೆ ಬೆರಳ ತುದಿಗೆ. ‘ತೂವು’ ಎನ್ನುವಾಗ ಅದು ಗೆಣ್ಣಿನ ಮೇಲೆ. ‘ಯೋನು’ ಎನ್ನುವಷ್ಟರಲ್ಲಿ ಮಣಿಕಟ್ಟಿನ ಮೇಲೆ ಕುಳಿತು ಝಣ್ ಎನ್ನುತ್ತಿತ್ತು. ಶೀಶಾಪುರದ ರಾಣಿಯನ್ನೇ ಬರಮಾಡಿಕೊಂಡಂಥ ಸಂಭ್ರಮದಲ್ಲಿ ನಾವು ನೋವನ್ನು ಮರೆತೇಬಿಡುತ್ತಿದ್ದೆವು. ಅವನ ಕೈಯಲ್ಲಿ ಬಳೆ ಹೆಚ್ಚಿದ್ದನ್ನು ನಮ್ಮ ಓಣಿಯವರು ಕಂಡದ್ದು ಬಹಳ ಕಡಿಮೆ.

ನಾನು ಟ್ರೇನಿಂಗ್ ಮುಗಿಸಿ, ನಮ್ಮೂರಿನ ಕನ್ನಡ ಶಾಲೆಗೇ ಪಾಠ ಹೇಳುವ ಅಕ್ಕಾರಾಗಿ ಬಂದ ವರ್ಷ ಹುಸೇನಸಾಬನಿಗೆ ಲಕ್ವ ಹೊಡೆಯಿತು. ಬಲಗೈ ಮುಷ್ಟಿ ಬಿಗಿದುಕೊಂಡು ಎದೆಗೆ ಅಂಟಿತು. ಬಾಯಿ ಒಂದು ಕಡೆ ಸೊಟ್ಟಾಗಿ ಮಾತು ನಿಂತಿತು. ಬುದ್ಧಿ ನಿಚ್ಚಳ, ಕಣ್ಣಿನಲ್ಲಿ ಮೊದಲಿನದೇ ತುಂಟತನ. ಆದರೆ ತುಟಿ ಕೂಡುತ್ತಿರಲಿಲ್ಲವಾದ್ದರಿಂದ ಅವನಿಗೆ ಉಳಿದದ್ದು ಒಂದೇ ಸ್ವರ, ‘ಆ’. ಹಸಿವೆಗೂ ಆ, ನೀರಡಿಕೆಗೂ ಆ, ಬಾಗಿಲಿಗೆ ಬಂದವರಿಗೆ ಬರ್ರಿ ಕುಂದ್ರಿ ಎನ್ನುವುದಕ್ಕೂ ಆ. ಇಡೀ ಊರಿಗೆ ಅಕಾರವಿಲ್ಲದ ಭಾಷೆ ಕಲಿಸಿದವನಿಗೆ ದೇವರು ಅಕಾರವೊಂದನ್ನೇ ಬಿಟ್ಟು ಉಳಿದದ್ದನ್ನೆಲ್ಲ ಕಸಿದುಕೊಂಡದ್ದು ನನಗೆ ಬಹಳ ಸಂಕಟ ಕೊಟ್ಟಿತು.

ಮಲಾರ ಅವನ ಒಬ್ಬಳೇ ಮಗಳು ಜೈತೂನಳ ಹೆಗಲಿಗೆ ಬಂತು. ಅವಳು ನನ್ನ ಓರಗೆಯವಳು, ನಮ್ಮ ಎದುರುಮನೆಯವಳು. ಕೈ ಮೃದು, ಮಾತು ಮೃದು. ಆದರೆ ಅವಳು ಬಳೆ ಇಟ್ಟರೆ ಹುಡುಗಿಯರು ಓಣಿ ಕಿತ್ತುಹೋಗುವಂತೆ ಅರಚುತ್ತಿದ್ದರು, ಬಳೆಗಳು ಪಟಪಟ ಹೆಚ್ಚುತ್ತಿದ್ದವು. ನಾಲ್ಕು ಮನೆಯವರು ಮುಖ ತಿರುಗಿಸಿದರು. ಜತ್ತಿನ ಬಳೆಯಂಗಡಿಗೆ ಮೋಟಾರಿನಲ್ಲಿ ಹೋಗಿಬರುವುದೇ ಚಲೋ ಎಂಬ ಮಾತು ಹುಟ್ಟಿತು. ಅಷ್ಟರಲ್ಲಿ ನನ್ನ ತಂಗಿ ಕಾಶಿಗೆ ದಿನ ತುಂಬುತ್ತ ಬಂದು, ನಮ್ಮ ಮನೆಯಲ್ಲಿ ಕುಬಸ ಮಾಡುವುದೆಂದು ನಿಶ್ಚಯವಾಯಿತು. ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ ಹಸಿರು ಬಳೆ ಇಡಿಸಬೇಕು. ಕಾಶಿಯ ಅತ್ತೆ, ಕರಜಗಿಯ ನಮ್ಮ ಬೀಗತಿ, ಮೊದಲೇ ಹೇಳಿ ಕಳಿಸಿದ್ದರು: ಬಸುರಿಯ ಕೈಯಲ್ಲಿ ಬಳೆ ಹೆಚ್ಚಬಾರದು, ಬೇರೆ ಬಳೆಗಾರನನ್ನು ಕರೆಸಿರಿ. ಅವ್ವ ಕೇಳಲಿಲ್ಲ. “ಹುಸೇನಣ್ಣ ನನ್ನ ಮದಿವಿಗೆ ಬಳಿ ಇಟ್ಟಾಂವ. ಅವನ ಮಗಳ ಕೈ ಬಿಟ್ಟು ಇನ್ನೊಬ್ಬರ ಕೈಯಾಗ ನನ್ನ ಮಗಳ ಕೈ ಕೊಡಾಂಗಿಲ್ಲ” ಎಂದಳು. ಅವ್ವನ ಹಟ ದೊಡ್ಡದು. ಜೈತೂನಳ ಹೆದರಿಕೆ ಅದಕ್ಕಿಂತ ದೊಡ್ಡದಾಯಿತು. ಎರಡೂರಿನ ಹೆಂಗಸರ ಎದುರು ಅವಳ ಕೈಯಲ್ಲಿ ಬಳೆ ಹೆಚ್ಚಿದರೆ ಮಲಾರವನ್ನು ಗೂಟಕ್ಕೆ ತೂಗುಹಾಕುವುದೊಂದೇ ಉಳಿಯುತ್ತಿತ್ತು.

ಅವಳು ಒಂದು ಮಧ್ಯಾಹ್ನ ಶಾಲೆಯ ಬಾಗಿಲಿಗೇ ಬಂದಳು. “ಶಾಂತಕ್ಕಾ, ನೀ ಕಲತಾಕಿ. ಅಬ್ಬಾನ ಮಾತು ನನಗ ಕಲಿಸ” ಎಂದಳು. ನಾನು ಬೆರಗಾಗಿ, ಅದು ನಿನಗೇ ಗೊತ್ತಿಲ್ಲವೇ ಎಂದೆ. “ಮನ್ಯಾಗ ಎಂದೂ ಆಡಲಿಲ್ಲಕ್ಕಾ. ಅದು ಗಿರಾಕಿದು, ಮನೀದಲ್ಲ ಅಂತಿದ್ದ. ನನಗ ಬಳಿ ಇಡತಿದ್ದಾಕಿ ಅಮ್ಮಾ, ಸುಮ್ಮನ ಇಡತಿದ್ಲು.” ಊರಿನ ಹೆಣ್ಣುಮಕ್ಕಳಿಗೆಲ್ಲ ಬರುವ ಭಾಷೆ ಅದನ್ನು ಹುಟ್ಟಿಸಿದವನ ಮಗಳಿಗೆ ಬರುತ್ತಿರಲಿಲ್ಲ.

ಸೀಳಿದ ತಲೆಯ ಚಿತ್ರವನ್ನು ಬಾಯಿಪಾಠ ಮಾಡಿದ ನನಗೆ ಇದಕ್ಕಿಂತ ದೊಡ್ಡ ಆಮಂತ್ರಣ ಬೇಕಿರಲಿಲ್ಲ. ಒಂದು ಪಾಟಿ, ಒಂದು ಬಳಪ ಹಿಡಿದು ಓಣಿಯಲ್ಲಿ ಸಂಶೋಧನೆಗೆ ಹೊರಟೆ. ವ್ಯಂಜನಗಳ ವಿಷಯದಲ್ಲಿ ಯಾರಲ್ಲಿಯೂ ಭಿನ್ನಮತವಿರಲಿಲ್ಲ. ತುಟಿ ಗುಂಡಗೆ ಮಾಡಬೇಕೆಂಬುದರಲ್ಲಿಯೂ ಇರಲಿಲ್ಲ. ಜಗಳ ಎದ್ದದ್ದೆಲ್ಲ ‘ತೂವು’ ಎಂಬ ಒಂದೇ ಶಬ್ದದ ಮೊದಲ ಸ್ವರವನ್ನು ಎಷ್ಟು ಹೊತ್ತು ಎಳೆಯಬೇಕೆಂಬ ಬಗ್ಗೆ. ಪಕ್ಕದ ಮನೆಯ ಮಲ್ಲವ್ವ ಅದನ್ನು ‘ತುವು’ ಎಂದು ಮುರಿದಿಟ್ಟಳು. ನಮ್ಮ ಅವ್ವ ಹೊಲದ ಈ ಬದುವಿನಿಂದ ಆ ಬದುವಿಗೆ ಆಳನ್ನು ಕರೆಯುವವಳಂತೆ ‘ತೂಊಊವು’ ಎಂದು ಎಳೆದಳು. ನನ್ನ ನೆನಪು ಇವೆರಡರ ನಡುವೆ ಎಲ್ಲಿಯೋ ನಿಂತಿತ್ತು.

“ನಿನ್ನ ಕಿವಿಗೆ ಏನಾಗೇತಿ? ಅಂವ ಹಂಗ ಎಳೀತಿದ್ನೇನ?” ಎಂದು ಮಲ್ಲವ್ವ. “ನಿನಗ ಎಲ್ಲಾದಕ್ಕೂ ಗಡಿಬಿಡಿ. ಅಂವ ಪೂರಾ ಹೇಳೂದರಾಗ ನೀ ಎದ್ದ ಹೋಗಿರತಿ” ಎಂದು ಅವ್ವ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದವರು ಒಂದೇ ಮಾತನ್ನು ಇಬ್ಬರು ಬಲ್ಲವರಾದರೆ ಏನಾಗುತ್ತದೆಂದು ಯೋಚಿಸಿದಂತಿಲ್ಲ. ಅಂದು ಸಂಜೆ ಎರಡೂ ಮನೆಯವರು ಒಬ್ಬರಿಗೊಬ್ಬರು ಮಜ್ಜಿಗೆ ಕೊಡಲಿಲ್ಲ.

ನಾನು ಎದೆಗುಂದಲಿಲ್ಲ. ಓಣಿ ಓಣಿ ತಿರುಗಿ ಇನ್ನಷ್ಟು ಬಾಯಿಗಳನ್ನು ಪರೀಕ್ಷಿಸಿ, ಒಂದು ಸಿದ್ಧಾಂತ ಕಟ್ಟಿದೆ. ಮಲ್ಲವ್ವ ಕರಜಗಿಯಿಂದ ಬಂದ ಸೊಸೆ. ಅವಳ ಹ್ರಸ್ವ ‘ಕರಜಗಿ ಪ್ರಭೇದ’. ಅವ್ವ ಬಾಲಗಾಂವದಲ್ಲಿಯೇ ಹುಟ್ಟಿ ಬೆಳೆದವಳು. ಅವಳ ದೀರ್ಘ ‘ಬಾಲಗಾಂವ ಪ್ರಭೇದ’. ದರಿಬಡಚಿಯಿಂದ ಬಂದ ಒಬ್ಬ ಮುದುಕಿ ಸ್ವರದ ನಡುವೆ ಕೆಮ್ಮಿದಳು. ಅದನ್ನು ‘ದರಿಬಡಚಿ ಅಪಭ್ರಂಶ’ ಎಂದು ಬರೆದುಕೊಂಡೆ. ಹ್ರಸ್ವ, ದೀರ್ಘ, ಪ್ಲುತಗಳಿಗೆ ಶಾಸ್ತ್ರದಲ್ಲಿ ಕೋಳಿಯ ಕೂಗನ್ನು ಉದಾಹರಣೆಯಾಗಿ ಕೊಡುತ್ತಾರೆಂದು ಕಾಲೇಜಿನಲ್ಲಿ ಹೇಳಿದ್ದು ನೆನಪಾಗಿ, ಬೆಳಿಗ್ಗೆ ಎದ್ದು ಜೈತೂನಳ ಮನೆಯ ಹುಂಜದ ಎದುರು ಪಾಟಿ ಹಿಡಿದು ಕುಳಿತೆ. ನಮ್ಮ ಮನೆತನದಲ್ಲಿ ಕೋಳಿಯ ಹೆಸರೆತ್ತುವವರಿಲ್ಲ. ಅಕ್ಕಾರು ಹುಂಜವನ್ನೇ ದಿಟ್ಟಿಸುತ್ತ ಕುಳಿತಿದ್ದಾರೆಂಬ ಸುದ್ದಿ ಕೇಳಿ ನಮ್ಮ ಮಠದ ಅಯ್ಯನವರು ಸಂಜೆ ಮನೆಗೆ ಬಂದು ಅವ್ವನ ಕೂಡ ಮೆಲುದನಿಯಲ್ಲಿ ಮಾತಾಡಿ ಹೋದರು.

ಕೊನೆಗೆ ಮೂಲಪುರುಷನನ್ನೇ ಕೇಳುವುದೆಂದಾಯಿತು. ಅವ್ವ, ಮಲ್ಲವ್ವ, ನಾನು ಮೂವರೂ ಎದುರುಮನೆಗೆ ಹೋದೆವು. ಬೇವಿನ ಗಿಡದ ನೆರಳಲ್ಲಿ ಹೊರಸಿನ ಮೇಲೆ ಹುಸೇನಸಾಬ ಒರಗಿ ಕುಳಿತಿದ್ದ. ಜೈತೂನ ಅವನ ಬಿಗಿದ ಮುಷ್ಟಿಯನ್ನು ತೊಳೆಯಲು ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಅವನು ಕಣ್ಣು ಮುಚ್ಚಿ ‘ಆ’ ಎಂದು ನರಳುತ್ತಿದ್ದ. ದಿನಾ ಇದೇ ಪಾಡಂತೆ. ಬಿಡಿಸದಿದ್ದರೆ ಉಗುರು ಅಂಗೈಗೆ ನಾಟುತ್ತಿತ್ತು, ಬಿಡಿಸಿದರೆ ಜೀವ ಹೋಗುವಂಥ ನೋವು. ನಮ್ಮನ್ನು ಕಂಡು ಅವನು ಅರಳಿದ. ಅವ್ವ ಅವನೆದುರು ಕುಳಿತು ಕೈ ಚಾಚಿ, “ಹುಸೇನಣ್ಣಾ, ತೂವು ಅನ್ನೂದು ಎಷ್ಟ ಉದ್ದ ಇತ್ತೋ ಮಾರಾಯಾ, ನೀನ ಹೇಳು” ಎಂದಳು. ಅವನು ಅವ್ವನ ಮುಖ ನೋಡಲಿಲ್ಲ. ದೃಷ್ಟಿ ಕೆಳಗಿಳಿಸಿ, ‘ಆಆಆ...’ ಎಂದು ಉಸಿರಿರುವವರೆಗೂ ಎಳೆದ. ಅವ್ವ ಗೆದ್ದವಳಂತೆ ತಿರುಗಿ ನೋಡಿದಳು. ಮಲ್ಲವ್ವ ಬಿಟ್ಟಾಳೆಯೇ? ಅವಳೂ ಮುಂದೆ ಬಂದು ಕೈ ಚಾಚಿ ಕೇಳಿದಳು. ಹುಸೇನಸಾಬ ಅದೇ ರೀತಿ ಕೆಳಗೆ ನೋಡಿ, ‘ಅ’ ಎಂದು ತಟ್ಟನೆ ಮುಗಿಸಿದ. ನಾನು ಕೈ ಚಾಚಿ ಕೇಳಿದಾಗ ಬಂದ ‘ಆ’ ಇವೆರಡರ ನಡುವಿನದು. ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಟ್ಟು ಅವನು ಸೊಟ್ಟ ಬಾಯಲ್ಲಿ ನಗುತ್ತ ಕುಳಿತ.

ಬಡವನಿಗೆ ಮರೆವು ಬಂದಿದೆ ಎಂದು ನಾನು ತೀರ್ಮಾನಿಸಿದೆ. ಇಲ್ಲವೇ, ಎಂದಿನಂತೆ ಗಿರಾಕಿಗೆ ಯಾವುದು ಹಿತವೋ ಅದನ್ನು ಹೇಳುತ್ತಿದ್ದಾನೆ. ವಿದ್ವಾಂಸರ ಕೈಯಲ್ಲಿ ಸಾಕ್ಷ್ಯಗಳು ಹೀಗೆ ಹೊಡೆದಾಡಿದಾಗ ಅವರು ಸರಾಸರಿ ತೆಗೆಯುತ್ತಾರೆ, ನಾನೂ ತೆಗೆದೆ. ‘ತೂ’ ದೀರ್ಘ, ಎರಡು ಮಾತ್ರೆ, ಕೂಡಿಸುವಂತಿಲ್ಲ, ಕಳೆಯುವಂತಿಲ್ಲ ಎಂದು ಪಾಟಿಯ ಮೇಲೆ ದಪ್ಪಗೆ ಬರೆದು, ಜೈತೂನಳನ್ನು ಕೂರಿಸಿಕೊಂಡು, ಚಿಟಿಕೆ ಹಾಕಿ ಹಾಕಿ ಕಲಿಸಿದೆ. ಅವಳು ಜಾಣೆ, ಎರಡೇ ಸಂಜೆಯಲ್ಲಿ ಶೀಶಾಪುರಿ ಭಾಷೆಯನ್ನು ಶಾಲೆಯ ತಪಾಸಣೆಗೆ ಬಂದ ದೀಪೋಟಿ ಸಾಹೇಬರ ಎದುರು ಮಗ್ಗಿ ಒಪ್ಪಿಸುವ ಹುಡುಗಿಯಂತೆ ಸ್ಪಷ್ಟವಾಗಿ ಒಪ್ಪಿಸತೊಡಗಿದಳು.

ಕುಬಸದ ದಿನ ಪಡಸಾಲೆ ತುಂಬ ಹೆಂಗಸರು. ಕಾಶಿ ಹಸಿರು ಸೀರೆ ಉಟ್ಟು ಕಂಬಳಿಯ ಮೇಲೆ ಕುಳಿತಿದ್ದಳು. ಬಸುರಿಯ ಬಾವಿನಿಂದ ಅವಳ ಕೈ ತುಸು ಊದಿತ್ತು. ಇದು ನನ್ನ ಪಾಟಿಗೆ ಗೊತ್ತಿರಲಿಲ್ಲ. ಬೀಗತಿ ಗೋಡೆಗೆ ಬೆನ್ನು ಕೊಟ್ಟು, ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, ಜೈತೂನಳ ಕೈಯನ್ನೇ ನೋಡುತ್ತಿದ್ದರು. ಜೈತೂನ ಮಲಾರದಿಂದ ಒಂದು ಹಸಿರು ಬಳೆ ತೆಗೆದು, ಕಣ್ಣಿಗೊತ್ತಿಕೊಂಡು, ಕಾಶಿಯ ಬೆರಳುಗಳನ್ನು ಕೂಡಿಸಿ ಹಿಡಿದಳು.

“ಲೂಮು,” ಎಂದಳು. ಬಳೆ ಬೆರಳು ಹೊಕ್ಕಿತು. “ತೂವು,” ಎಂದಳು, ಸರಿಯಾಗಿ ಎರಡು ಮಾತ್ರೆ. ನಾನು ಹಿಂದಿನಿಂದ ಬೆರಳಲ್ಲಿ ಎಣಿಸಿ ತಲೆದೂಗಿದೆ. ಶಬ್ದ ಮುಗಿಯಿತು. ಬಳೆ ಮಾತ್ರ ಹೆಬ್ಬೆರಳ ಗೆಣ್ಣಿನ ಮೇಲೆ ನಿಂತೇ ಇತ್ತು.

ಮುಂದೆ ನೂಕಿದರೆ ಹೆಚ್ಚುತ್ತದೆ, ಹಿಂದೆ ತೆಗೆದರೂ ಹೆಚ್ಚುತ್ತದೆ. ಕಾಶಿಯ ಕೈ ಬಿಗಿಯತೊಡಗಿತು. ಅವಳ ಬಾಯಿ ತೆರೆಯಿತು. ‘ಅವ್ವಾ’ ಎನ್ನುವ ಅಕಾರ ಗಂಟಲಿಗೆ ಬಂದು ನಿಂತದ್ದನ್ನು, ಸೀಳಿದ ತಲೆಯ ಚಿತ್ರದಲ್ಲಿ ಕಂಡಷ್ಟೇ ಸ್ಪಷ್ಟವಾಗಿ ಕಂಡೆ. ಬೀಗತಿ ಮುಂದೆ ಬಾಗಿದರು. ನನ್ನ ಎರಡು ಮಾತ್ರೆ ಆ ಹುಡುಗಿಯ ಅನ್ನಕ್ಕೆ ಮಣ್ಣು ಹಾಕಿತಲ್ಲ ಎನಿಸಿತು.

ಜೈತೂನ ನನ್ನ ಕಡೆ ನೋಡಲಿಲ್ಲ. ಬಳೆಯ ಮೇಲೆಯೇ ಕಣ್ಣಿಟ್ಟು ಮತ್ತೆ “ತೂ” ಎಂದಳು, ಈ ಸಲ ನಿಲ್ಲಿಸಲಿಲ್ಲ. ಬಳೆ ಹಾಯುವವರೆಗೆ ನಿಲ್ಲಿಸುವ ಧೈರ್ಯ ಅವಳಿಗೆ ಇರಲಿಲ್ಲ, ಅಷ್ಟೇ. “ತೂಊಊಊ...” ಎಂದು ತೆಳ್ಳಗೆ, ಜೋಗುಳಕ್ಕೂ ಊದುವಿಕೆಗೂ ನಡುವಿನ ದನಿಯಲ್ಲಿ ಅವಳು ಹಿಡಿದೇ ಹಿಡಿದಳು. ಕಾಶಿಯ ತೆರೆದ ಬಾಯಿ ಅವಳ ಬಾಯಿಯನ್ನು ನೋಡುತ್ತ ನೋಡುತ್ತ ತಾನಾಗಿ ಗುಂಡಗಾಯಿತು. ಅವಳೂ ‘ಊ’ ಎಂದಳು. ಉಸಿರು ಹೊರಬಿದ್ದಂತೆ ಭುಜ ಇಳಿಯಿತು, ಭುಜ ಇಳಿದಂತೆ ಕೈ ಸಡಿಲಾಯಿತು, ಬಳೆ ಗೆಣ್ಣು ದಾಟಿತು. “ವು,” ಎಂದಳು ಜೈತೂನ. “ಯೋನು.” ಝಣ್ ಎಂದಿತು.

ನಾನು ಮಲ್ಲವ್ವನ ಕೈ ನೋಡಿದೆ. ಜೋಳದ ದಂಟಿನಷ್ಟು ತೆಳ್ಳಗಿನ ಕೈ. ಬಳೆ ಅದರಲ್ಲಿ ತಡೆಯುವುದೇ ಇಲ್ಲ. ಅವ್ವನ ಕೈ ನೋಡಿದೆ. ಬದುಕಿಡೀ ಕುಡುಗೋಲು ಹಿಡಿದು, ರೊಟ್ಟಿ ಬಡಿದು ಅಗಲವಾದ, ಗೆಣ್ಣು ಗಟ್ಟಿಯಾದ ಕೈ. ಆಮೇಲೆ ನನ್ನ ಕೈ ನೋಡಿಕೊಂಡೆ. ಬಳಪ ಹಿಡಿದ, ಅತ್ತ ದಪ್ಪವೂ ಅಲ್ಲದ ಇತ್ತ ತೆಳ್ಳಗೂ ಇಲ್ಲದ ಕೈ. ಕರಜಗಿ ಪ್ರಭೇದ, ಬಾಲಗಾಂವ ಪ್ರಭೇದಗಳೆಲ್ಲ ಒಂದೇ ಕ್ಷಣಕ್ಕೆ ಮಣ್ಣುಪಾಲಾದವು. ಹುಸೇನಸಾಬ ಅಂದು ದೃಷ್ಟಿ ಇಳಿಸಿದ್ದು ನಮ್ಮ ಕೈಗಳ ಮೇಲೆ. ಮೂರು ಕೈ ನೋಡಿ ಮೂರು ಉದ್ದದ ಸ್ವರ ಕೊಟ್ಟಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬ ಗಾದೆಯನ್ನು ಮಕ್ಕಳಿಗೆ ಕಲಿಸುವ ನಾನು ಅಂಗೈಯೊಂದನ್ನು ಬಿಟ್ಟು ಓಣಿಯ ಹುಂಜವನ್ನು ಸಹ ಪರೀಕ್ಷಿಸಿದ್ದೆ.

ಈ ಶೋಧವನ್ನು ನಾನು ಅಲ್ಲಿಯೇ ಘೋಷಿಸಿದೆ. ತಡೆದುಕೊಳ್ಳುವ ಗುಣ ನನಗಿಲ್ಲ. ಎಲ್ಲರೂ ಒಮ್ಮೆ ತಮ್ಮ ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಅವ್ವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. “ಅಂದರ ನನ್ನ ಕೈ ದಪ್ಪ ಅಂತ ಅಂವ ಇಷ್ಟ ವರ್ಷ ಓಣಿ ಮಂದಿ ಮುಂದ ರಾಗಾ ಎಳದ ಹೇಳಿದ್ನಲ್ಲ, ಕಳ್ಳ!” ಎಂದಳು. ಮಲ್ಲವ್ವ ಎಲ್ಲರಿಗಿಂತ ಹೆಚ್ಚು ನಕ್ಕಳು. ಬೀಗತಿ ಸಹ ಸೆರಗು ಬಾಯಿಗಿಟ್ಟುಕೊಂಡರು.

ಜೈತೂನ ಉಳಿದ ಬಳೆಗಳನ್ನು ಒಂದೊಂದಾಗಿ ಇಟ್ಟಳು. ಪ್ರತಿ ಬಳೆಗೂ ‘ತೂ’ ಬೇರೆ ಬೇರೆ. ಒಂದು ಗಿಡ್ಡ, ಒಂದು ಉದ್ದ, ಕೈ ಪಳಗಿದಂತೆ ಇನ್ನೂ ಗಿಡ್ಡ. ಒಂದೂ ಹೆಚ್ಚಲಿಲ್ಲ. ಪದ್ಧತಿಯಂತೆ ಕೊನೆಗೆ ತನ್ನ ಕಡೆಯಿಂದ ಒಂದು ಬಳೆಯನ್ನು ಹೆಚ್ಚಿಗೆ ಇಟ್ಟು, ಅವಳು ಕೈ ಹಿಂದೆ ತೆಗೆದುಕೊಂಡಳು. ಪದ್ಧತಿಯಂತೆಯೇ ಕಾಶಿ ಬಾಗಿ, ಬಳೆ ಇಟ್ಟವಳ ಕಾಲು ಮುಟ್ಟಿ ನಮಸ್ಕರಿಸಿದಳು. ಬಳೆ ಇಟ್ಟ ಮೇಲೆ ಹುಸೇನಸಾಬನಿಗೆ ನಾವೆಲ್ಲ ಹೀಗೆಯೇ ನಮಸ್ಕರಿಸುತ್ತಿದ್ದೆವು; ಜೈತೂನಳಿಗೆ ಅದು ಮೊದಲನೆಯದು. ಅವಳು ಗಾಬರಿಯಾಗಿ, “ಏಳವ್ವಾ, ಏಳ” ಎನ್ನುತ್ತ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಬೀಗತಿ ಗೋಡೆಯ ಬಳಿಯಿಂದ ಸರಿದು ಬಂದು, ಅವಳೆದುರು ಚಕ್ಕಳಮಕ್ಕಳ ಹಾಕಿ ಕುಳಿತು, ತಮ್ಮ ದಪ್ಪ ಕೈಯನ್ನು ಮುಂದೆ ಚಾಚಿದರು. “ನನಗೂ ಇಡವಾ. ಎಷ್ಟ ಬೇಕಾದ್ರೂ ಎಳಿ, ನನಗೇನ ಗಡಿಬಿಡಿ ಇಲ್ಲ.”

ಅಂದಿನ ಮೇಲೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹುಸೇನಸಾಬ ಆ ಭಾಷೆಯಿಂದ ಅಕಾರವನ್ನು ಹೊರಹಾಕಿದ್ದು ಗಾಜಿನ ಗೋಡೆಯ ಸಲುವಾಗಿ ಅಲ್ಲ. ನಮ್ಮ ನೋವೆಲ್ಲ ಅಕಾರದಿಂದ ಹೊರಡುತ್ತದೆ. ಅಯ್ಯೋ, ಅವ್ವಾ, ಅಪ್ಪಾ, ಅಲ್ಲಾ, ಯಾವ ಮನೆಯವರಾದರೇನು, ನೋವಾದರೆ ಬಾಯಿ ಅಗಲ ತೆರೆಯುತ್ತದೆ, ಮೈ ಬಿಗಿಯುತ್ತದೆ. ಅವನು ಆ ಬಾಯಿಯನ್ನು ಗುಂಡಗೆ ಮಾಡಿ, ಉಸಿರನ್ನು ಸಣ್ಣಗೆ ಹೊರಗೆ ಬಿಡಿಸಿ, ಅಳು ಬರಬೇಕಾದ ಜಾಗದಲ್ಲಿ ಒಂದು ಸ್ವರವನ್ನು ಕೂರಿಸಿದ. ಇದೆಲ್ಲ ತಿಳಿದು ಮಾಡಿದನೋ, ಬಳೆ ಹೆಚ್ಚಬಾರದೆಂಬ ವ್ಯಾಪಾರದ ಎಚ್ಚರದಲ್ಲಿ ಮಾಡುತ್ತ ಮಾಡುತ್ತ ಹೀಗಾಯಿತೋ, ಅವನಿಗೇ ಗೊತ್ತಿತ್ತೋ ಇಲ್ಲವೋ. ಎಷ್ಟು ಉದ್ದ ಎಂದು ನಾವು ಭಾಷೆಯೊಳಗೆ ಹುಡುಕಿದೆವು. ಎದುರಿಗಿರುವವರ ನೋವು ಎಷ್ಟು ಉದ್ದವೋ ಅಷ್ಟು ಉದ್ದ.

ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ಮರುದಿನ ಬೆಳಿಗ್ಗೆ ನಾನು ರಂಗೋಲಿ ಹಾಕಲು ಬಾಗಿಲಿಗೆ ಬಂದಾಗ ಎದುರಿನ ಬೇವಿನ ನೆರಳಲ್ಲಿ ಜೈತೂನ ಬಿಸಿನೀರಿನ ಪಾತ್ರೆ ಇಟ್ಟುಕೊಂಡು ಅಪ್ಪನ ಕೈ ತೊಳೆಯಲು ಕುಳಿತಿದ್ದಳು. ಅವನ ಮುಷ್ಟಿ ಎಂದಿನಂತೆ ಬಿಗಿದಿತ್ತು. ಬೆರಳು ಬಿಡಿಸುವ ಮೊದಲೇ ಅವನು ಕಣ್ಣು ಮುಚ್ಚಿ, ಬರುವ ನೋವಿಗೆ ಬಾಯಿ ತೆರೆದು ಸಿದ್ಧನಾಗಿದ್ದ. ಜೈತೂನ ಬೆರಳಿಗೆ ಕೈ ಹಾಕಲಿಲ್ಲ. ಬರೀ ಮುಷ್ಟಿಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು, ಅದು ಯಾರದೋ ಹೊಸ ಮದುಮಗಳ ಕೈಯೆಂಬಂತೆ ಮೆತ್ತಗೆ ನಾದುತ್ತ, “ಅಬ್ಬಾ, ನನ್ನ ಕೂಡ ಅನ್ನು. ತೂಊಊ...” ಎಂದಳು.

ಹುಸೇನಸಾಬ ಕಣ್ಣು ತೆರೆದ. ಗಿರಾಕಿಗೆಂದು ಕಟ್ಟಿದ ಮಾತು ಅಷ್ಟು ವರ್ಷಗಳ ಮೇಲೆ ಅವನ ಮನೆಗೆ ಬಂದಿತ್ತು. ಮಗಳ ಬಾಯನ್ನೇ ನೋಡುತ್ತ, ನೋಡುತ್ತ, ಅವನು ತುಟಿ ಕೂಡಿಸಲು ಹೆಣಗಿದ. ಸೊಟ್ಟಾದ ಅರ್ಧ ಅಲುಗಲಿಲ್ಲ. ಸರಿಯಿದ್ದ ಅರ್ಧ ಮೆಲ್ಲಗೆ ಮುಂದೆ ಬಂದು ಗುಂಡಗಾಯಿತು. ‘ಆ’ ಅಲ್ಲ, ‘ಊ’ ಕೂಡ ಅಲ್ಲ. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ. ಅವನು ಉಸಿರು ಬಿಡುತ್ತ ಹೋದಂತೆ ಹೆಬ್ಬೆರಳು ಮೊದಲು, ಆಮೇಲೆ ಉಳಿದವು, ಒಂದರ ಹಿಂದೊಂದು ಸಡಿಲಾದವು. ಮಗಳು ಅಪ್ಪನ ಅಂಗೈಯನ್ನು ಬಿಸಿನೀರಿನಿಂದ ತೊಳೆದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ರಂಗೋಲಿಯ ಬಟ್ಟಲು ಹಿಡಿದುಕೊಂಡೇ ಒಳಗೆ ಹೋಗಿ ಸಂತೋಷಕ್ಕೆ ಅತ್ತೆ. ಅತ್ತು ಮುಗಿದ ಮೇಲೆ, ಮೂಲೆಯಲ್ಲಿದ್ದ ಪಾಟಿಯ ಮೇಲಿನ ಎರಡು ಮಾತ್ರೆಯನ್ನು ಸೆರಗಿನಿಂದ ಒರೆಸಿದೆ.

ಈಗ ನನಗೂ ಚಾಳೀಸು ಬಂದಿದೆ. ಸೂಜಿಯ ಕಣ್ಣು ಹತ್ತಿರ ಹಿಡಿದರೆ ಮಂಜು, ದೂರ ಹಿಡಿದರೆ ಮಾಯ. ಯಾರಾದರೂ ದಾರ ಪೋಣಿಸುತ್ತ ಕುಳಿತರೆ ಇಂದಿಗೂ ಅವರ ಬಾಯಿಯನ್ನೇ ನೋಡುತ್ತೇನೆ. ಆದರೆ ಮೊದಲಿನಂತೆ ಪರೀಕ್ಷಿಸುವುದಕ್ಕಲ್ಲ. ಅವರ ತುಟಿ ಮುಂದೆ ಬಂದಾಗ ನನ್ನದೂ ಬರುತ್ತದೆ, ಅವರು ಉಸಿರು ಹಿಡಿದಾಗ ನಾನು ಸಣ್ಣಗೆ ‘ತೂ’ ಎನ್ನುತ್ತೇನೆ. ಕೇಳಿದವರು ಅಕ್ಕಾರಿಗೆ ವಯಸ್ಸಾಯಿತು ಎನ್ನುತ್ತಾರೆ. ಅನ್ನಲಿ. ಆ ಸ್ವರಕ್ಕೆ ಎಷ್ಟು ಮಾತ್ರೆ ಎಂದು ಮಾತ್ರ ನೀವು ಕೇಳಬೇಡಿ; ದಾರ ಹಾಯುವವರೆಗೆ.